ಬೆಂಗಳೂರಿನ ಕಸದ ಪರಿಸರ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡ್ ಸಭೆಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳ ಪತ್ರಗಳಲ್ಲಿ, ವಿದ್ಯಾರ್ಥಿಗಳ ಜೊತೆಗಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಬೇರೆ ಹೇಳದಿದ್ದರೆ ಲೆಕ್ಕವೆಲ್ಲ ಒಂದು ಟನ್ ಕಸಕ್ಕೆ. ಮೀಥೇನ್, ನೈಟ್ರಸ್ ಆಕ್ಸೈಡ್‌ಗಳನ್ನು ಅಷ್ಟೇ ತಾಪ ಹೆಚ್ಚಿಸುವ ಇಂಗಾಲದ ಡೈಆಕ್ಸೈಡ್‌ನ ತೂಕಕ್ಕೆ ಪರಿವರ್ತಿಸಿ "ಇಂಗಾಲ ಸಮ" ಎಂದು ಬರೆದಿದೆ.

## ಮೊದಲಿಗೆ ತಿಳಿಯಬೇಕಾದದ್ದು

ಬೀದಿ ಕ್ಲೀನಾಗಿದ್ದರೆ ಸಾಲದೇ? ಪರಿಸರ ಲೆಕ್ಕ ಅಂತ ಬೇರೆ ಯಾಕೆ ಬೇಕು?

ಬೀದಿಯಿಂದ ಎತ್ತಿದ ಕಸ ಎಲ್ಲೋ ಒಂದು ಕಡೆ ಇಳಿಯಲೇಬೇಕು. ಬೆಂಗಳೂರಿನ ಕಸ ವರ್ಷಗಟ್ಟಲೆ ನಗರದ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರ ಮತ್ತು ಮಂಡೂರಿನಲ್ಲಿ ಇಳಿಯಿತು. ಊರವರ ಹೋರಾಟದಿಂದ ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು, ಮಂಡೂರಿಗೆ 2014ರ ಡಿಸೆಂಬರ್ 1ರಿಂದ ನಿಂತಿತು. ಅಷ್ಟರಲ್ಲಿ ಅಲ್ಲಿನ ಬಾವಿ, ಕೆರೆ, ಗಾಳಿ ಕೆಟ್ಟಿದ್ದವು. ನಗರದ ಖರ್ಚಿನ ಪುಸ್ತಕದಲ್ಲಿ ಆ ಹಾನಿಗೆ ಒಂದು ಸಾಲೂ ಇರಲಿಲ್ಲ. ಕಂಡದ್ದು ಲಾರಿ ಬಾಡಿಗೆ ಮತ್ತು ಕೂಲಿ ಮಾತ್ರ. ಬಿಟ್ಟುಹೋದ ಆ ಸಾಲುಗಳನ್ನು ಬರೆದುಕೊಳ್ಳುವುದೇ ಪರಿಸರ ಲೆಕ್ಕ: ಹವಾಮಾನದ ಮೇಲಿನ ಹೊರೆ, ಉಸಿರಾಡುವ ಗಾಳಿ, ಅಂತರ್ಜಲ, ಭೂಮಿ, ಉಳಿದ ಅಥವಾ ವ್ಯರ್ಥವಾದ ಸಂಪನ್ಮೂಲ. ಇವು ಐದು ಬೇರೆ ಬೇರೆ ಕಾಲಂಗಳು. ಒಂದನ್ನು ಇನ್ನೊಂದಕ್ಕೆ ಕೂಡಿಸುವ ಆತುರ ಬೇಡ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

"ಈ ನೀತಿ ಇಲ್ಲದಿದ್ದರೆ ಇದೇ ಕಸ ಎಲ್ಲಿಗೆ ಹೋಗುತ್ತಿತ್ತು?" ಎಂಬಲ್ಲಿಂದ. ಅಂದಾಜುಗಳಲ್ಲಿ ಆಗುವ ದೊಡ್ಡ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಹಳೇ ದಿನಪತ್ರಿಕೆಯನ್ನು ಮನೆಯವರು ಮೊದಲೂ ಗುಜರಿಗೆ ಮಾರುತ್ತಿದ್ದರು. ಈಗ ಅದು ವಾರ್ಡಿನ ಒಣಕಸ ಕೇಂದ್ರಕ್ಕೆ ಬಂದರೆ ಪರಿಸರಕ್ಕೆ ಹೊಸ ಲಾಭವೇನೂ ಇಲ್ಲ, ಕೈ ಬದಲಾಗಿದೆ ಅಷ್ಟೆ. ಬಿಸ್ಕತ್ ಪೊಟ್ಟಣದ ಪದರ ಪ್ಲಾಸ್ಟಿಕ್ ಅನ್ನು ಗುಜರಿಯವರು ಮುಟ್ಟುತ್ತಿರಲಿಲ್ಲ. ಅದು ಚರಂಡಿಗೋ ಬೆಂಕಿಗೋ ಹೋಗುತ್ತಿತ್ತು. ಅದನ್ನು ಹಿಡಿದರೆ ಲಾಭ ನಿಜವಾದದ್ದು.

ಆಮೇಲೆ ಮೂರು ವಿಷಯ ಬರೆದಿಡಿ. ಅಳತೆಯ ಘಟಕ: ಒಂದು ಟನ್ ಮಿಶ್ರ ಕಸವೋ, ಒಂದು ಟನ್ ಹಸಿಕಸವೋ. ಗಡಿ: ಮನೆ ಬಾಗಿಲಿನಿಂದ ಎಲ್ಲಿಯವರೆಗೆ. ಅವಧಿ: ಎಷ್ಟು ವರ್ಷಗಳ ಪರಿಣಾಮ. ಎರಡು ನೀತಿಗಳನ್ನು ಹೋಲಿಸುವಾಗ ಈ ಮೂರೂ ಒಂದೇ ಆಗಿರಬೇಕು. ಒಂದು ವರದಿ ಮಿಶ್ರ ಕಸದ ಟನ್ನಿಗೆ, ಇನ್ನೊಂದು ಹಸಿಕಸದ ಟನ್ನಿಗೆ ಲೆಕ್ಕ ಕೊಟ್ಟಿದ್ದರೆ ಅವೆರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡುವ ಹಾಗೇ ಇಲ್ಲ.

ನಾವು ಬೇರೆ ಮಾಡಿ ಕೊಟ್ಟರೂ ಆಟೋದವರು ಒಟ್ಟಿಗೇ ಸುರೀತಾರೆ. ಮತ್ಯಾಕೆ ಬೇರೆ ಮಾಡಬೇಕು?

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶ ಕೊಟ್ಟಾಗಿನಿಂದ ನಗರದಲ್ಲಿ "ಎರಡು ಬುಟ್ಟಿ, ಒಂದು ಚೀಲ" ಕಡ್ಡಾಯ: ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣಕಸ. ಆದರೆ ನಿಮ್ಮ ದೂರಿನಲ್ಲಿ ಹುರುಳಿದೆ, ಲೆಕ್ಕವೂ ಅದನ್ನೇ ಹೇಳುತ್ತದೆ. ನೀತಿಯ ಫಲ ಮೂರು ಭಾಗಗಳ ಗುಣಾಕಾರ: ಎಷ್ಟು ಮನೆಗಳು ಬೇರೆ ಮಾಡುತ್ತವೆ, ಆ ಮನೆಗಳ ಹಸಿಕಸದಲ್ಲಿ ಎಷ್ಟು ಪಾಲು ಹಸಿರು ಬುಟ್ಟಿಗೆ ಬೀಳುತ್ತದೆ, ಅದರಲ್ಲಿ ಎಷ್ಟು ಬೆರಕೆಯಾಗದೆ ಘಟಕ ತಲುಪುತ್ತದೆ.

ಉದಾಹರಣೆಗೆ 70%, 80%, 85% ಎಂದಿಟ್ಟುಕೊಳ್ಳಿ. ಪ್ರತಿಯೊಂದೂ ಚೆನ್ನಾಗೇ ಇದೆ ಅನಿಸುತ್ತದೆ. ಗುಣಿಸಿದರೆ ಸಿಗುವುದು 48%, ಅಂದರೆ ಅರ್ಧಕ್ಕೂ ಕಡಿಮೆ. ಇನ್ನೂ 10% ಮನೆಗಳನ್ನು ಒಪ್ಪಿಸಿದರೆ ಅದು 54% ಆಗುತ್ತದೆ. ಮನೆಗಳ ಸಂಖ್ಯೆ ಹಾಗೇ ಇದ್ದು ಆಟೋದೊಳಗಿನ ಬೆರಕೆಯನ್ನು ಪೂರ್ತಿ ನಿಲ್ಲಿಸಿದರೆ 56%. ಹೊಸ ಜಾಗೃತಿ ಅಭಿಯಾನಕ್ಕಿಂತ ಆಟೋಗೆ ಒಂದು ಗಟ್ಟಿ ತಡಿಕೆ, ಒಣಕಸಕ್ಕೆ ಬೇರೆ ಗಾಡಿ ಮತ್ತು ಬೇರೆ ದಿನ ಹೆಚ್ಚು ಫಲ ಕೊಡುವ ವಾರ್ಡುಗಳು ಬಹಳ ಇವೆ. ಬೆರಕೆಯಾದ ಗಾಡಿಯ ವಿಷಯ ಇನ್ನೂ ಕಷ್ಟದ್ದು: ಅದರಲ್ಲಿರುವ ಗಾಜಿನ ಚೂರು, ಸ್ಯಾನಿಟರಿ ಪ್ಯಾಡ್, ಬ್ಯಾಟರಿ ಅಕ್ಕಪಕ್ಕದ ಒಳ್ಳೆಯ ಕಸವನ್ನೂ ಕೆಡಿಸುತ್ತವೆ.

ಒಂದು ಟನ್ ಹಸಿಕಸ ಗುಡ್ಡೆ ಸೇರಿದರೆ ಎಷ್ಟು ಹಾನಿ? ಲೆಕ್ಕ ಮಾಡಿ ತೋರಿಸಿ.

ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ ಕೊಟ್ಟಿರುವ ಸೂತ್ರ ಇದಕ್ಕೆ ಸಾಕು. ಆಹಾರ ಕಸದ ಹಸಿ ತೂಕದಲ್ಲಿ ಕೊಳೆಯಬಲ್ಲ ಇಂಗಾಲ 15%, ಅಂದರೆ ಟನ್ನಿಗೆ 150 ಕಿಲೋ. ಅದರಲ್ಲಿ ಅರ್ಧ ನಿಜವಾಗಿ ಕೊಳೆಯುತ್ತದೆ ಎಂದು ಹಿಡಿದರೆ 75 ಕಿಲೋ. ಐದು ಮೀಟರ್ ಅಥವಾ ಅದಕ್ಕೂ ಆಳದ, ಸರಿಯಾದ ನಿರ್ವಹಣೆ ಇಲ್ಲದ ಗುಡ್ಡೆಯಲ್ಲಿ 80% ಭಾಗ ಗಾಳಿಯಿಲ್ಲದೆ ಕೊಳೆಯುತ್ತದೆ: 60 ಕಿಲೋ. ಹುಟ್ಟುವ ಅನಿಲದಲ್ಲಿ ಅರ್ಧ ಮೀಥೇನ್: 30 ಕಿಲೋ ಇಂಗಾಲ. ಅದನ್ನು ಮೀಥೇನ್ ತೂಕಕ್ಕೆ ತರಲು 16ರಿಂದ ಗುಣಿಸಿ 12ರಿಂದ ಭಾಗಿಸಿ: 40 ಕಿಲೋ. ನೂರು ವರ್ಷಗಳ ಲೆಕ್ಕದಲ್ಲಿ ಈ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟು ಬಲಶಾಲಿ. ಹಾಗಾಗಿ ಒಟ್ಟು 1,080 ಕಿಲೋ ಇಂಗಾಲ ಸಮ. ಒಂದು ಟನ್ ಅನ್ನ, ಸಿಪ್ಪೆ, ಸೊಪ್ಪಿನ ಕಡ್ಡಿ ಗುಡ್ಡೆಗೆ ಹೋದರೆ ಒಂದು ಟನ್ನಿಗೂ ಮಿಕ್ಕಿದ ಹೊರೆ.

ಮನೆಯ ಅಳತೆಗೆ ಇಳಿಸಿದರೆ, ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿಕಸ ಎಂದುಕೊಳ್ಳಿ. ಅದನ್ನು ಮನೆಯಲ್ಲೇ ಗೊಬ್ಬರ ಮಾಡಿದರೆ ವರ್ಷಕ್ಕೆ ಸುಮಾರು 330 ಕಿಲೋ ಇಂಗಾಲ ಸಮ ಉಳಿಯುತ್ತದೆ. 140 ಲೀಟರ್ ಪೆಟ್ರೋಲ್ ಸುಟ್ಟರೆ ಬರುವುದು ಹೆಚ್ಚುಕಡಿಮೆ ಅಷ್ಟೇ.

ಗೊಬ್ಬರ ಮಾಡಿದರೂ ಗ್ಯಾಸ್ ಬರುತ್ತಲ್ಲ? ಆ ಲೆಕ್ಕ ಎಲ್ಲಿ?

ಬರುತ್ತದೆ, ಎರಡು ಬಗೆ. ಎಲೆ, ಸಿಪ್ಪೆಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಆ ಗಿಡವೇ ಇತ್ತೀಚೆಗೆ ಗಾಳಿಯಿಂದ ಹೀರಿದ್ದು. ಅದನ್ನು ಹೊರೆ ಎಂದು ಎಣಿಸುವುದಿಲ್ಲ. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್‌ಗಳನ್ನು ಮಾತ್ರ ಎಣಿಸಲೇಬೇಕು. ಐಪಿಸಿಸಿ ಮೌಲ್ಯಗಳಂತೆ ಒಂದು ಟನ್ ಹಸಿಕಸ ಗೊಬ್ಬರವಾಗುವಾಗ 4 ಕಿಲೋ ಮೀಥೇನ್, 0.24 ಕಿಲೋ ನೈಟ್ರಸ್ ಆಕ್ಸೈಡ್ ಬರುತ್ತವೆ. ಮೊದಲನೆಯದಕ್ಕೆ 108, ಎರಡನೆಯದಕ್ಕೆ 273 ಪಟ್ಟಿನಂತೆ 66: ಒಟ್ಟು ಸುಮಾರು 174 ಕಿಲೋ ಇಂಗಾಲ ಸಮ. ಗುಡ್ಡೆಯ 1,080ರ ಎದುರು ಇದು ಆರನೇ ಒಂದು ಭಾಗ.

ಈ 174 ಎಂಬುದು ಸರಿಯಾಗಿ ಗಾಳಿಯಾಡುವ ರಾಶಿಗೆ. ತೇವ 50ರಿಂದ 60% ಇರಬೇಕು: ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ನೀರು ಇಳಿಯಬಾರದು. ಇಂಗಾಲ–ಸಾರಜನಕದ ಅನುಪಾತ 25–30 ಇರಬೇಕು. ಬೆಂಗಳೂರಿನ ಅಡುಗೆಮನೆಯ ಕಸದಲ್ಲಿ ಅನ್ನ ಮತ್ತು ನೀರಿನಂಶ ಹೆಚ್ಚು, ಹಾಗಾಗಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸದೆ ಆಗುವುದೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಮುಗಿದಿದೆ, ಮೀಥೇನ್ ಶುರುವಾಗಿದೆ ಎಂದರ್ಥ. ಅಮೋನಿಯದ ಘಾಟು ಬಂದರೆ ಒಣ ಪದಾರ್ಥ ಸಾಲದು. ಮೂಗು ಹೇಳುವ ಈ ಎರಡು ಸುದ್ದಿಯನ್ನು ಪ್ರತಿ ಘಟಕದ ದಿನಚರಿ ಪುಸ್ತಕದಲ್ಲಿ ಬರೆಯಬೇಕು.

## ಒಂದೊಂದೇ ವಿಧಾನ

ಕಸದ ಲಾರಿ ಅಷ್ಟು ದೂರ ಓಡುತ್ತಲ್ಲ, ಡೀಸೆಲ್ ಹೊಗೆಯೇ ದೊಡ್ಡ ಮಾಲಿನ್ಯ ಅಲ್ವಾ?

ಹವಾಮಾನದ ಕಾಲಂನಲ್ಲಿ ಅಲ್ಲ. ಎಂಟು ಟನ್ ಹೊತ್ತ ಕಾಂಪ್ಯಾಕ್ಟರ್ (ಕಸ ಒತ್ತಿ ತುಂಬುವ ಲಾರಿ) ಹೋಗಿ ಬರಲು 80 ಕಿಲೋಮೀಟರ್, ಲೀಟರಿಗೆ 3 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. 27 ಲೀಟರ್ ಡೀಸೆಲ್, ಲೀಟರಿಗೆ 2.68 ಕಿಲೋ ಇಂಗಾಲದ ಡೈಆಕ್ಸೈಡ್: ಒಟ್ಟು 71 ಕಿಲೋ, ಟನ್ನಿಗೆ 9 ಕಿಲೋ. ಅರ್ಧ ಟನ್ ಹೊರುವ ಆಟೋ ಟಿಪ್ಪರ್ 20 ಕಿಲೋಮೀಟರ್ ಸುತ್ತಿದರೂ ಟನ್ನಿಗೆ 11 ಕಿಲೋ ಆಸುಪಾಸು. ಗುಡ್ಡೆಯ ಮೀಥೇನ್ ಎದುರು ಇದು ನೂರಕ್ಕೆ ಒಂದೆರಡು ಭಾಗ.

ಹೀಗಾಗಿ "ಗೊಬ್ಬರ ಘಟಕ ದೂರ ಇದೆ, ಹತ್ತಿರದ ಕ್ವಾರಿಗೇ ಸುರಿಯೋಣ" ಎಂಬ ವಾದ ಹವಾಮಾನದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಲಾರಿಯ ನಿಜವಾದ ತೊಂದರೆ ಬೇರೆ: ದಾರಿಯುದ್ದಕ್ಕೂ ಸೋರುವ ಕಸದ ರಸ, ಹಳ್ಳಿ ರಸ್ತೆಯ ಧೂಳು, ನಸುಕಿನ ಶಬ್ದ. ಅವು ದಾರಿಬದಿಯ ಜನರ ಕಾಲಂಗೆ ಸೇರಬೇಕು. ರಸ ಹಿಡಿಯುವ ತೊಟ್ಟಿ ಭರ್ತಿಯಾಗಿದ್ದರೆ ಲಾರಿ ಹೊರಡಬಾರದು.

ಅಪಾರ್ಟ್‌ಮೆಂಟಿಗೆ "24 ಗಂಟೆಯಲ್ಲಿ ಗೊಬ್ಬರ" ಯಂತ್ರ ಕೊಳ್ಳಬೇಕು ಅಂತಿದ್ದೀವಿ. ಸರಿಯೇ?

ಒಂದು ದಿನದಲ್ಲಿ ಗೊಬ್ಬರ ಆಗುವುದಿಲ್ಲ. ಬಿಸಿ ಮಾಡುವ ಯಂತ್ರ ಕಸವನ್ನು ಪುಡಿ ಮಾಡಿ ಒಣಗಿಸುತ್ತದೆ, ಅಷ್ಟೇ. ಆ ಪುಡಿಗೆ ನೀರು ತಗುಲಿದರೆ ಮತ್ತೆ ಕೊಳೆಯುತ್ತದೆ, ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ವಿದ್ಯುತ್ ಲೆಕ್ಕ ನೋಡಿ: ಒಂದು ಟನ್ ಆಹಾರ ಕಸದಲ್ಲಿ ಸುಮಾರು 700 ಲೀಟರ್ ನೀರು. ಒಂದು ಲೀಟರ್ ಆವಿಯಾಗಲು ಕನಿಷ್ಠ 0.67 ಯೂನಿಟ್ ಬೇಕು. ನಷ್ಟ ಸೇರಿಸದೆಯೇ 469 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು 330 ಕಿಲೋ. ಗಾಳಿಯಾಡುವ ತೊಟ್ಟಿಯ ಗೊಬ್ಬರದ ಹೊರೆಗಿಂತ ಇದು ಹೆಚ್ಚುಕಡಿಮೆ ಎರಡು ಪಟ್ಟು, ಅದೂ ಗೊಬ್ಬರ ಇನ್ನೂ ಆಗದೇ ಇರುವಾಗ.

ಚೂರು ಮಾಡುವ ಯಂತ್ರವೊಂದಿದ್ದರೆ ಸಾಕು, ಹಣ ಅದಕ್ಕೆ ಹಾಕಿ. ಆಮೇಲೆ ಜಾಲರಿ ಗೋಡೆಯ ತೊಟ್ಟಿಗಳು, ಒಣ ಎಲೆಯ ದಾಸ್ತಾನು, ವಾರಕ್ಕೊಮ್ಮೆ ಮಗುಚಲು ಒಬ್ಬರು. ರಾಶಿಯ ನಡುವೆ 55 ಡಿಗ್ರಿ ಸೆಲ್ಸಿಯಸ್ ಕೆಲವು ದಿನ ನಿಂತರೆ ರೋಗಾಣು, ಕಳೆಬೀಜ ಸಾಯುತ್ತವೆ. ಪೂರ್ತಿ ಮಾಗಲು 40ರಿಂದ 60 ದಿನ ಹಿಡಿಯುತ್ತದೆ, ಆದ್ದರಿಂದ ಎರಡು ತಿಂಗಳ ಕಸ ಹಿಡಿಸುವಷ್ಟು ತೊಟ್ಟಿ ಬೇಕು. ಜಾಗ ಉಳಿಸಲೆಂದು ಇಲ್ಲಿ ಕೈಬಿಗಿ ಮಾಡಿದ ಸಂಘಗಳಲ್ಲೇ ವಾಸನೆಯ ಜಗಳ ಶುರುವಾಗುವುದು.

ಬಯೋಗ್ಯಾಸ್ ಗೊಬ್ಬರಕ್ಕಿಂತ ಒಳ್ಳೆಯದಾ?

ಸೋರದಿದ್ದರೆ ಹೌದು. ಒಂದು ಟನ್ ಶುದ್ಧ ಆಹಾರ ಕಸದಿಂದ ಸುಮಾರು 80 ಘನ ಮೀಟರ್ ಅನಿಲ ಸಿಗುತ್ತದೆ. ಅಡುಗೆಗೆ ಬಳಸಿದರೆ 36 ಕಿಲೋ ಎಲ್‌ಪಿಜಿಗೆ, ಅಂದರೆ ಎರಡೂವರೆ ಮನೆ ಸಿಲಿಂಡರಿಗೆ ಸಮ. ಆ ಎಲ್‌ಪಿಜಿ ಸುಡದೆ ಉಳಿದದ್ದು ಸುಮಾರು 107 ಕಿಲೋ ಇಂಗಾಲದ ಡೈಆಕ್ಸೈಡ್. ಈಗ ಸೋರಿಕೆ ನೋಡಿ. ಅಷ್ಟು ಅನಿಲದಲ್ಲಿ ಮೀಥೇನ್ ಸುಮಾರು 32 ಕಿಲೋ. ಅದರಲ್ಲಿ 5% ಸೋರಿದರೆ 43 ಕಿಲೋ ಇಂಗಾಲ ಸಮ ಹೋಯಿತು. 12% ಮುಟ್ಟಿತೆಂದರೆ ಎಲ್‌ಪಿಜಿ ಉಳಿಸಿದ ಲಾಭವೆಲ್ಲ ಮುಗಿಯಿತು.

ಸೋರುವ ಜಾಗಗಳು ಗೊತ್ತಿರುವವೇ: ಡ್ರಮ್ಮಿನ ಅಂಚು, ಬಲೂನಿನ ಹೊಲಿಗೆ, ಸ್ಲರಿ ಹೊರಬರುವ ತೆರೆದ ತೊಟ್ಟಿ. ಅತಿ ದೊಡ್ಡ ನಷ್ಟ ಮಾತ್ರ ಬೇರೆ ಕಡೆ ಇದೆ. ಅನಿಲ ತಯಾರಾಗಿದೆ, ಕೊಳ್ಳುವ ಹೋಟೆಲ್ ಇಲ್ಲ, ಜನರೇಟರ್ ಕೆಟ್ಟಿದೆ. ಆಗ ಕವಾಟ ತೆರೆದು ಗಾಳಿಗೆ ಬಿಡುತ್ತಾರೆ. ಹಾಗಾಗಿ ಘಟಕ ಕಟ್ಟುವ ಮೊದಲೇ ಅನಿಲ ಕೊಳ್ಳುವವರು ಪಕ್ಕದಲ್ಲಿರಬೇಕು, ಮತ್ತು ಉಳಿದದ್ದನ್ನು ಸುಟ್ಟುಬಿಡಲು ಜ್ವಾಲೆಯ ಕೊಳವೆ ಇರಲೇಬೇಕು. ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪದ ಕಸಕ್ಕೆ ಬಯೋಗ್ಯಾಸ್ ಹೊಂದುತ್ತದೆ. ಬಾಳೆ ಎಲೆ, ಬಾಳೆ ದಿಂಡು, ಎಳನೀರು ಬುರುಡೆ ಅದರ ಹೊಟ್ಟೆಗೆ ಒಗ್ಗವು. ಅವು ಚೂರಾಗಿ ಗೊಬ್ಬರಕ್ಕೆ ಹೋಗಲಿ.

ಬಿಡದಿಯಲ್ಲಿ ಕಸದಿಂದ ಕರೆಂಟ್ ಮಾಡ್ತಾರಂತೆ. ಎಲ್ಲಾ ಕಸವನ್ನೂ ಅಲ್ಲಿಗೇ ಕಳಿಸಬಾರದೇಕೆ?

ಬಿಡದಿಯ ಸ್ಥಾವರ 11.5 ಮೆಗಾವಾಟ್, ದಿನಕ್ಕೆ 600 ಟನ್ ಕಸಕ್ಕೆಂದು ರೂಪಿಸಿದ್ದು. ನಗರದ ಕಸ ದಿನಕ್ಕೆ ಸುಮಾರು 5,000 ಟನ್. ಗಾತ್ರದ ಮಾತು ಅಲ್ಲಿಗೇ ಮುಗಿಯಿತು. ಪರಿಸರದ ಲೆಕ್ಕ ಇನ್ನೂ ಆಸಕ್ತಿಕರ.

ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಟನ್ನಿಗೆ 460 ಯೂನಿಟ್. ಸ್ಥಾವರದ ಸ್ವಂತ ಬಳಕೆ ಕಳೆದು 400 ಯೂನಿಟ್ ಜಾಲಕ್ಕೆ ಹೋಗುತ್ತದೆ ಎಂದುಕೊಂಡರೆ 280 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯಿತು. ಅದೇ ಟನ್ನಿನಲ್ಲಿ 100 ಕಿಲೋ ಪ್ಲಾಸ್ಟಿಕ್ ಇದ್ದರೆ, ಪ್ಲಾಸ್ಟಿಕ್ ಕಿಲೋಗೆ ಸರಾಸರಿ 2.8 ಕಿಲೋದಂತೆ 280 ಕಿಲೋ ಚಿಮಣಿಯಿಂದ ಹೊರಬಂತು. ಉಳಿದದ್ದೂ ಹೋದದ್ದೂ ಸಮ. ಪ್ಲಾಸ್ಟಿಕ್ ಪಾಲು ಹೆಚ್ಚಿದಷ್ಟೂ, ಜಾಲಕ್ಕೆ ಸೌರ, ಪವನ ವಿದ್ಯುತ್ ಸೇರಿದಷ್ಟೂ ಈ ತಕ್ಕಡಿ ಸ್ಥಾವರದ ವಿರುದ್ಧ ವಾಲುತ್ತದೆ.

ಹಾಗಾದರೆ ಲಾಭ ಎಲ್ಲಿಂದ? ಗುಡ್ಡೆಯಲ್ಲಿ ಹುಟ್ಟಬೇಕಿದ್ದ ಮೀಥೇನ್ ತಪ್ಪಿದ್ದರಿಂದ. ಆದರೆ ಆ ಮೀಥೇನ್ ಬರುವುದು ಹೆಚ್ಚಾಗಿ ಹಸಿಕಸದಿಂದ, ಮತ್ತು ಹಸಿಕಸವೇ ಕುಲುಮೆಯ ಶತ್ರು. ಅದರ ನೀರನ್ನು ಆವಿ ಮಾಡಲು ಕಿಲೋಗೆ ಸುಮಾರು 580 ಕಿಲೋ ಕ್ಯಾಲೊರಿ ವ್ಯಯವಾಗಿ ಉಷ್ಣತೆ ಕುಸಿಯುತ್ತದೆ, ಡಯಾಕ್ಸಿನ್ ಎಂಬ ವಿಷ ಹುಟ್ಟುವ ಅಪಾಯ ಏರುತ್ತದೆ. ಹಸಿಕಸ ಬೇರೆಯಾಗಿ ಗೊಬ್ಬರಕ್ಕೆ ಹೋದ ಮೇಲೆ ಉಳಿಯುವ ಪ್ಲಾಸ್ಟಿಕ್ ನೆಲದಲ್ಲಿ ಕೊಳೆಯುವುದೇ ಇಲ್ಲ. ಅದನ್ನು ಸುಟ್ಟರೆ ಹವಾಮಾನಕ್ಕೆ ಲಾಭವಿಲ್ಲ, ಜಾಗ ಮಾತ್ರ ಉಳಿಯುತ್ತದೆ. ಮರುಬಳಕೆಗೆ ಬಾರದ ಚಪ್ಪಲಿ, ಚಿಂದಿ, ಪದರ ಪ್ಲಾಸ್ಟಿಕ್‌ನಂಥ ಕಸಕ್ಕೆ ಇಂಥ ಸ್ಥಾವರಕ್ಕೆ ಒಂದು ಸೀಮಿತ ಜಾಗ ಇದೆ ಎಂಬುದು ನಮ್ಮ ನಿಲುವು. ಪ್ರತಿ ಕಿಲೋಗೆ 1,500 ಕಿಲೋ ಕ್ಯಾಲೊರಿಗಿಂತ ಹೆಚ್ಚು ಶಾಖವಿರುವ, ಮರುಬಳಕೆಯಾಗದ ಕಸವನ್ನು ಗುಡ್ಡೆಗೆ ಹಾಕಬಾರದೆಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದವು. ಇಷ್ಟು ಟನ್ ಕಸ ಕೊಟ್ಟೇ ತೀರುತ್ತೇವೆ ಎಂಬ ದೀರ್ಘಾವಧಿ ಒಪ್ಪಂದವಿದ್ದರೆ ಅದನ್ನು ಎಚ್ಚರದಿಂದ ಓದಿ. ಅದು ಕಸ ಕಡಿಮೆ ಮಾಡುವ ಪ್ರತಿ ಪ್ರಯತ್ನಕ್ಕೂ ದಂಡ ಹಾಕಿದಂತೆ.

ರಸ್ತೆಬದಿ ಎಲೆ ಸುಡೋದು ಪ್ರಕೃತಿಸಹಜ ತಾನೇ?

ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆ ಉದುರುವ ಹೊತ್ತಿಗೆ ಬರುವ ಮಾತಿದು. ಹವಾಮಾನದ ಕಾಲಂನಲ್ಲಿ ಎಲೆಯ ಇಂಗಾಲ ಶೂನ್ಯವೇ ಇರಬಹುದು, ಉಸಿರಿನ ಕಾಲಂನಲ್ಲಿ ಕತೆ ಬೇರೆ. ಬಯಲಲ್ಲಿ ಒಂದು ಕಿಲೋ ಕಸ ಸುಟ್ಟರೆ ಸುಮಾರು 10 ಗ್ರಾಂ ಸೂಕ್ಷ್ಮ ಕಣ ಬರುತ್ತದೆ. ಬಿಎಸ್-6 ಹೊಗೆ ಮಾನದಂಡದ ಲಾರಿ ಎಂಜಿನ್ನಿಗೆ ಪ್ರತಿ ಯೂನಿಟ್ (ಕಿಲೋವಾಟ್-ಗಂಟೆ) ಕೆಲಸಕ್ಕೆ ಇರುವ ಮಿತಿ 0.01 ಗ್ರಾಂ. ಅಂದರೆ ಒಂದು ಕಿಲೋ ಬೆಂಕಿ, ಆ ಎಂಜಿನ್ 1,000 ಯೂನಿಟ್ ಕೆಲಸ ಮಾಡಿದ್ದಕ್ಕೆ ಸಮ. ಅದೂ ಮನೆಯ ಕಿಟಕಿಯ ಎತ್ತರದಲ್ಲಿ, ಪೌರಕಾರ್ಮಿಕರ ಮುಖಕ್ಕೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಿತು. ಗೊಬ್ಬರದ ತೊಟ್ಟಿಗಳು ಒಣ ಎಲೆಗಾಗಿ ಪರದಾಡುವಾಗ ಅದೇ ವಾರ್ಡಿನಲ್ಲಿ ಎಲೆ ಸುಡುವುದು ನೋಡಲಾಗದ ವಿಷಯ. ಪಾರ್ಕಿನ ಮೂಲೆಯಲ್ಲೊಂದು ಜಾಲರಿ ಪಂಜರ ಇಟ್ಟರೆ ಎರಡೂ ತೀರುತ್ತದೆ.

ಬಟ್ಟೆ ಚೀಲವೇ ಪ್ಲಾಸ್ಟಿಕ್‌ಗಿಂತ ಕೆಟ್ಟದು ಅಂತ ಓದಿದೆ. ನಿಜವೇ?

2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಪ್ರಕಟಿಸಿದ ಅಧ್ಯಯನ ಅದರ ಮೂಲ. ಹೊಸ ಹತ್ತಿ ಚೀಲ ಹವಾಮಾನದ ಮಟ್ಟಿಗೆ ಸರಿಗಟ್ಟಲು 52 ಸಲ, ಎಲ್ಲ ಸೂಚಕಗಳಲ್ಲೂ ಸರಿಗಟ್ಟಲು 7,100 ಸಲ ಬಳಕೆಯಾಗಬೇಕು ಎಂದು ಅದು ಹೇಳಿತು. ಆ ಲೆಕ್ಕ ಡೆನ್ಮಾರ್ಕಿನದು: ಅಲ್ಲಿ ಪ್ಲಾಸ್ಟಿಕ್ ಚೀಲ ಕಸದ ಬುಟ್ಟಿಗೆ ಹೊದಿಕೆಯಾಗಿ ಬಳಕೆಯಾಗಿ ಕುಲುಮೆಗೆ ಹೋಗುತ್ತದೆ. ರಾಜಕಾಲುವೆ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಅದರಲ್ಲಿ ಎಣಿಕೆಯಾಗಿಲ್ಲ. ಆದರೂ 52ರ ಪಾಠ ನಮಗೂ ಅನ್ವಯಿಸುತ್ತದೆ. ಮದುವೆ ಮನೆಯಲ್ಲಿ ತಾಂಬೂಲದ ಜೊತೆ ಕೊಟ್ಟು ಕಪಾಟಿನಲ್ಲಿ ಕೂರುವ ಹೊಸ ಚೀಲದಿಂದ ಉಪಯೋಗವಿಲ್ಲ. ಹಳೇ ಸೀರೆ, ಪಂಚೆಯಿಂದ ಹೊಲಿದ ಚೀಲದಲ್ಲಿ ಹತ್ತಿ ಬೆಳೆಯುವ ಹೊರೆಯೇ ಇಲ್ಲ.

ಕಸದ ಗೊಬ್ಬರದಿಂದ ಯೂರಿಯಾ ಉಳಿಯುತ್ತಾ?

ತೀರಾ ಸ್ವಲ್ಪ. ಬೇರ್ಪಡಿಸಿದ ಒಂದು ಟನ್ ಹಸಿಕಸದಿಂದ ಸುಮಾರು 200 ಕಿಲೋ ಗೊಬ್ಬರ. ನಗರ ಗೊಬ್ಬರದಲ್ಲಿ ಸಾರಜನಕ ಕನಿಷ್ಠ 0.8% ಇರಬೇಕೆಂದು ನಿಯಮ, ಅದರಂತೆ 1.6 ಕಿಲೋ, ಅಂದರೆ ಮೂರೂವರೆ ಕಿಲೋ ಯೂರಿಯಾ. ಕೋಲಾರ, ರಾಮನಗರದ ಕೆಂಪುಮಣ್ಣಿಗೆ ಬೇಕಿರುವುದು ಅದರ ಸಾವಯವ ಇಂಗಾಲ. ಮಣ್ಣು ತೇವ ಹಿಡಿಯುತ್ತದೆ, ರಾಗಿ ಮಳೆಯ ಅಂತರವನ್ನು ತಾಳಿಕೊಳ್ಳುತ್ತದೆ. ಆದರೆ ಗಾಜಿನ ಚೂರು ಒಮ್ಮೆ ಕಾಲಿಗೆ ಚುಚ್ಚಿದರೆ ರೈತ ಮತ್ತೆ ಆ ಗೊಬ್ಬರ ಎತ್ತುವುದಿಲ್ಲ. ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ದಾಟಬಾರದು. ಮಿಶ್ರ ಕಸದಿಂದ ಜರಡಿ ಹಿಡಿದ ಗೊಬ್ಬರ ಎಡವುವುದು ಇಲ್ಲೇ.

## ಆಳಕ್ಕೆ ಇಳಿದರೆ

ನಮ್ಮ ವಾರ್ಡಿನ ಕಸದಲ್ಲಿ ಏನೇನು ಎಷ್ಟಿದೆ ಅಂತ ಅಳೆಯೋದು ಹೇಗೆ?

ಸತತ ಏಳು ದಿನ ಮಾಡಿ. ಭಾನುವಾರದ ಕಸ ಸೋಮವಾರ ಬರುತ್ತದೆ, ಅದರ ಗುಣವೇ ಬೇರೆ. ಬಡಾವಣೆ, ವಠಾರ, ಅಂಗಡಿ ಬೀದಿ ಎಂದು ಮೂರು ಬಗೆಯ ದಾರಿಗಳ ಗಾಡಿಗಳನ್ನು ಬೇರೆ ಬೇರೆ ಆರಿಸಿ. ಪ್ರತಿ ಗಾಡಿಯ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ಕಲೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡಿ. 100 ಕಿಲೋ ಆಸುಪಾಸು ಉಳಿಯುವವರೆಗೆ ಹೀಗೇ ಮಾಡಿ, ಅಷ್ಟನ್ನು ಕೈಯಿಂದ ವಿಂಗಡಿಸಿ ತೂಗಿ. ದಪ್ಪ ಕೈಗವಸು, ಬೂಟು, ಕನ್ನಡಕ, ಟೆಟನಸ್ ಲಸಿಕೆ ಇಲ್ಲದೆ ಯಾರನ್ನೂ ಕೂರಿಸಬೇಡಿ. ಸಿರಿಂಜ್, ಬ್ಲೇಡ್ ಬಂದೇ ಬರುತ್ತವೆ.

ಅಂಕಿ ಕೆಡಿಸುವ ಸಂಗತಿಗಳು ಎರಡು. ಮಳೆಯಲ್ಲಿ ನೆನೆದ ಕಾಗದ, ಬಟ್ಟೆ ತಮ್ಮ ತೂಕಕ್ಕಿಂತ ಹೆಚ್ಚು ತೂಗುತ್ತವೆ, ಆದ್ದರಿಂದ ಬೇಸಿಗೆಗೊಂದು, ಮುಂಗಾರಿಗೊಂದು ಸಮೀಕ್ಷೆ ಬೇಕು. ಹಬ್ಬದ ವಾರವನ್ನು ಮಾದರಿಗೆ ತಗೊಳ್ಳಬೇಡಿ: ಆಯುಧಪೂಜೆಯ ಬಾಳೆಕಂದು, ಬೂದುಗುಂಬಳ ಬಂದರೆ ಹಸಿಕಸದ ಪಾಲು ಎಲ್ಲಿಗೋ ಜಿಗಿಯುತ್ತದೆ. ಆ ವಾರವನ್ನು ಬೇರೆಯಾಗೇ ಅಳೆದಿಡಿ, ಗಾಡಿಗಳ ಯೋಜನೆಗೆ ಬೇಕಾಗುತ್ತದೆ.

ಮೀಥೇನ್ ಬಲ 27 ಪಟ್ಟು ಅಂತ ಒಬ್ಬರು, 80 ಪಟ್ಟು ಅಂತ ಇನ್ನೊಬ್ಬರು ಹೇಳ್ತಾರೆ. ಯಾವುದು ಸರಿ?

ಎರಡೂ. ನೂರು ವರ್ಷದ ಸರಾಸರಿ 27, ಇಪ್ಪತ್ತು ವರ್ಷದ್ದು ಸುಮಾರು 80. ಮೀಥೇನ್ ಹತ್ತು ಹನ್ನೆರಡು ವರ್ಷದಲ್ಲಿ ಗಾಳಿಯಿಂದ ಕರಗುತ್ತದೆ, ಇರುವಷ್ಟು ಕಾಲ ಬಲವಾಗಿ ತಾಪ ಹೆಚ್ಚಿಸುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಒಂದು ಟನ್ ಹಸಿಕಸದ 40 ಕಿಲೋ ಮೀಥೇನ್ 3.2 ಟನ್ ಇಂಗಾಲ ಸಮವಾಗುತ್ತದೆ. ವರದಿಯಲ್ಲಿ ಎರಡನ್ನೂ ಕೊಡಿ. ತನಗೆ ಬೇಕಾದ ಕಡೆ 27, ಬೇಡದ ಕಡೆ 80 ಬಳಸಿದ ವರದಿಯನ್ನು ಬದಿಗಿಡಿ.

ಐಪಿಸಿಸಿ ಲೆಕ್ಕದಲ್ಲಿ ಬೆಂಗಳೂರಿನ ಹವಾಮಾನವನ್ನು "ಒಣ ಉಷ್ಣವಲಯ" ಎಂದು ಆರಿಸಬೇಕೋ, "ತೇವ" ಎಂದೋ?

ಐಪಿಸಿಸಿ ಗೆರೆ ಎಳೆದಿರುವುದು ವಾರ್ಷಿಕ 1,000 ಮಿ.ಮೀ. ಮಳೆಗೆ. ಬೆಂಗಳೂರಿನ ವಾಡಿಕೆ ಮಳೆ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಕುಳಿತಿದೆ, ಹಾಗಾಗಿ ಈ ಆಯ್ಕೆ ಫಲಿತಾಂಶವನ್ನು ಬಹಳ ಅಲುಗಿಸುತ್ತದೆ. ತೇವದ ಆಯ್ಕೆಯಲ್ಲಿ ಆಹಾರ ಕಸದ ಕೊಳೆಯುವ ದರ ವರ್ಷಕ್ಕೆ 0.4: ಮೊದಲ ವರ್ಷದಲ್ಲೇ 33%, ಐದು ವರ್ಷದಲ್ಲಿ 86%. ಒಣ ಆಯ್ಕೆಯಲ್ಲಿ ದರ 0.085: ಮೊದಲ ವರ್ಷ 8%, ಐದು ವರ್ಷಕ್ಕೆ 35%. ಒಟ್ಟು ಮೀಥೇನ್ ಒಂದೇ, ಬರುವ ಹೊತ್ತು ಬೇರೆ.

ನಮ್ಮ ಕಸ ತನ್ನ ನೀರನ್ನು ತಾನೇ ಹೊತ್ತು ಬರುವುದರಿಂದ ತೇವದ ದರವೇ ವಾಸ್ತವಕ್ಕೆ ಹತ್ತಿರ ಎಂದು ನಾವು ಹಿಡಿಯುತ್ತೇವೆ. ಇದರಿಂದ ನೀತಿಗೆ ಒಂದು ನೇರ ಪರಿಣಾಮವಿದೆ. "ಗುಡ್ಡೆ ಮುಚ್ಚಿದ ಮೇಲೆ ಕೊಳವೆ ಇಳಿಸಿ ಅನಿಲ ಹಿಡಿಯುತ್ತೇವೆ" ಎನ್ನುವ ಯೋಜನೆ ಬರುವಷ್ಟರಲ್ಲಿ ಆಹಾರ ಕಸದ ಅನಿಲ ಬಹುಪಾಲು ಹಾರಿಹೋಗಿರುತ್ತದೆ.

ಕಸದ ರಸದಿಂದ ಬೋರ್‌ವೆಲ್ ಕೆಟ್ಟಿದೆ ಅಂತ ತೋರಿಸೋದು ಹೇಗೆ?

ಗುಡ್ಡೆಗಿಂತ ಎತ್ತರದ ಕಡೆ ಒಂದೆರಡು, ನೀರು ಹರಿಯುವ ಇಳಿಜಾರಿನ ಕಡೆ ನಾಲ್ಕೈದು ಬಾವಿ ಆರಿಸಿ. ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ ನೀರು ತೆಗೆಯಿರಿ. ಕ್ಲೋರೈಡ್, ಅಮೋನಿಯ, ನೈಟ್ರೇಟ್, ಕರಗಿದ ಘನಾಂಶ, ಸಿಒಡಿ (ನೀರಿನ ಕೊಳಕನ್ನು ಆಕ್ಸಿಡೀಕರಿಸಲು ಬೇಕಾದ ಆಮ್ಲಜನಕದ ಅಳತೆ), ಭಾರಲೋಹ ಪರೀಕ್ಷಿಸಿ. ಕ್ಲೋರೈಡ್ ಮುಖ್ಯ, ಅದು ಮಣ್ಣಿಗೆ ಅಂಟದು, ಕೊಳೆಯದು, ಆದ್ದರಿಂದ ರಸ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಮೊದಲು ತೋರಿಸುತ್ತದೆ. ಚರಂಡಿ ನೀರಿನಲ್ಲೂ ಕ್ಲೋರೈಡ್ ಇರುವುದರಿಂದ ಎತ್ತರದ ಬಾವಿಯ ಹೋಲಿಕೆ ಇಲ್ಲದೆ ಏನನ್ನೂ ಹೇಳಬೇಡಿ.

ಬೆಂಗಳೂರಿನ ತಳ ಗಟ್ಟಿ ಶಿಲೆ. ನೀರು ಬಿರುಕುಗಳಲ್ಲಿ ಹರಿಯುತ್ತದೆ. ಹಾಗಾಗಿ ಗುಡ್ಡೆಯ ಪಕ್ಕದ ಬಾವಿ ಚೆನ್ನಾಗಿದ್ದು ದೂರದ್ದು ಕೆಟ್ಟಿರುವುದು ಅಪರೂಪವಲ್ಲ; ಹತ್ತಿರದ ಒಂದೇ ಬಾವಿಯ ವರದಿ ತೋರಿಸಿ "ತೊಂದರೆ ಇಲ್ಲ" ಎನ್ನುವುದು ತಪ್ಪು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯಂಥ ಕಲ್ಲು ಕ್ವಾರಿಗಳಲ್ಲಿ ಕಸ ತುಂಬುವಾಗ ಇದು ಇನ್ನೂ ಗಂಭೀರ, ಸಿಡಿಮದ್ದು ಅಲ್ಲಿ ಹೊಸ ಬಿರುಕುಗಳನ್ನು ತೆರೆದಿರುತ್ತದೆ.

ಎಲ್ಲವನ್ನೂ ರೂಪಾಯಿಗೆ ತಂದು ಒಂದೇ ಮೊತ್ತ ಹೇಳಬಹುದಲ್ಲ?

ಹೇಳಬಹುದು, ಆದರೆ ಆ ಮೊತ್ತ ನೀವು ಆರಿಸಿದ ಬೆಲೆಯ ಕೂಸು. ಅಮೆರಿಕ ಸರ್ಕಾರವೇ ಒಂದು ಟನ್ ಇಂಗಾಲದ ಡೈಆಕ್ಸೈಡ್‌ನ ಹಾನಿಯನ್ನು ಮೊದಲು 51 ಡಾಲರ್ ಎಂದು ಹಿಡಿದಿತ್ತು. 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆ 190 ಡಾಲರ್ ಎಂದಿತು. ಕಸ ಅದೇ, ಹಾನಿಯ ಮೊತ್ತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಭೂಮಿಯ ಲೆಕ್ಕ ಇದಕ್ಕಿಂತ ಗಟ್ಟಿ: ದಿನಕ್ಕೆ 2,000 ಟನ್ ಕಸ, ಘನ ಮೀಟರಿಗೆ 0.9 ಟನ್ ಒತ್ತಿ, ಸರಾಸರಿ 20 ಮೀಟರ್ ಎತ್ತರಕ್ಕೆ ಪೇರಿಸಿದರೆ ವರ್ಷಕ್ಕೆ ಸುಮಾರು 10 ಎಕರೆ.

ಒಂದೇ ಮೊತ್ತದಲ್ಲಿ ಮುಚ್ಚಿಹೋಗುವ ಇನ್ನೊಂದು ಸಂಗತಿ: ಲಾಭ ಯಾರಿಗೆ, ಹೊರೆ ಯಾರಿಗೆ. ಬಡಾವಣೆಯ ಲಕ್ಷ ಮನೆಗಳಿಗೆ ತಲಾ ಹತ್ತು ರೂಪಾಯಿ ಲಾಭ, ಒಂದು ಹಳ್ಳಿಯ ಸಾವಿರ ಮನೆಗೆ ತಲಾ ಐನೂರು ರೂಪಾಯಿ ನಷ್ಟ ಎಂದರೆ ಮೊತ್ತ ಲಾಭದ್ದೇ. ಮಂಡೂರಿನವರು ರಸ್ತೆಗೆ ಇಳಿದದ್ದು ಇಂಥ ಮೊತ್ತದ ವಿರುದ್ಧ. ಆದ್ದರಿಂದ ಮೊತ್ತದ ಕೆಳಗೆ ಊರುವಾರು ಪಟ್ಟಿ ಇರಲೇಬೇಕು.

ಇಷ್ಟೊಂದು ಅಂದಾಜುಗಳಿದ್ದರೆ ಫಲಿತಾಂಶ ನಂಬೋದು ಹೇಗೆ?

ಒಂದೊಂದು ಅಂಕಿಯನ್ನೂ ಅದರ ಕನಿಷ್ಠ, ಗರಿಷ್ಠಕ್ಕೆ ಸರಿಸಿ ನೋಡಿ, ಯಾವ ನೀತಿ ಮೇಲು, ಯಾವುದು ಕೆಳಗೆ ಎಂಬ ಸಾಲು ಬದಲಾಗುತ್ತದೆಯೇ ಎಂದು. ಗುಡ್ಡೆಯ ಆಳ ಕಡಿಮೆ ಎಂದು, ಗಾಳಿಯಿಲ್ಲದೆ ಕೊಳೆಯುವ ಭಾಗಕ್ಕೆ 80%ರ ಬದಲು 40% ಹಾಕಿದರೆ 1,080 ಅರ್ಧವಾಗಿ 540 ಆಗುತ್ತದೆ. ಗೊಬ್ಬರದ 174 ಎರಡು ಪಟ್ಟಾದರೂ 348. ಸಾಲು ಬದಲಾಗಲಿಲ್ಲ: ಹಸಿಕಸವನ್ನು ಗುಡ್ಡೆಯಿಂದ ಹೊರಗಿಡುವ ನಿರ್ಧಾರಕ್ಕೆ ಇನ್ನಷ್ಟು ಅಧ್ಯಯನ ಕಾಯಬೇಕಿಲ್ಲ. ಬಯೋಗ್ಯಾಸೋ ಗೊಬ್ಬರವೋ ಎಂಬುದು ಸೋರಿಕೆ ಅಳೆಯದೆ ತೀರ್ಮಾನವಾಗದು. ಅಳೆಯುವ ಹಣವನ್ನು ಅಂಥ ಕಡೆ ಖರ್ಚು ಮಾಡಿ.

ಕಸದ ಶುಲ್ಕ ಹಾಕಿದರೆ ಕಸ ಕಡಿಮೆ ಆಗುತ್ತಾ?

2025ರಿಂದ ಆಸ್ತಿ ತೆರಿಗೆಯ ಜೊತೆ ವಸೂಲಾಗುತ್ತಿರುವ ಶುಲ್ಕ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕದ್ದು. ಅದರಿಂದ ಸೇವೆಗೆ ಹಣ ಬರುತ್ತದೆ. ಮನೆಯವರು ಕಸ ಅರ್ಧ ಮಾಡಿದರೂ ಶುಲ್ಕ ಅಷ್ಟೇ ಇರುವುದರಿಂದ ಕಸ ಇಳಿಯಲು ಅದು ಕಾರಣವಾಗದು. ತೂಕಕ್ಕೆ ತಕ್ಕ ಶುಲ್ಕ ಕಸ ಇಳಿಸಬಲ್ಲದು, ಜೊತೆಗೆ ರಾತ್ರೋರಾತ್ರಿ ಖಾಲಿ ಸೈಟಿಗೆ ಎಸೆಯುವ ಚಟವನ್ನೂ ಹುಟ್ಟಿಸಬಲ್ಲದು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ಸಂಸ್ಥೆಗಳಿಂದ ಅದನ್ನು ಶುರು ಮಾಡುವುದು ಜಾಣತನ. ಅಲ್ಲಿ ತಕ್ಕಡಿ ಇಡಬಹುದು, ಕದ್ದು ಎಸೆಯುವುದು ಕಷ್ಟ.

ಘಟಕದವರು ಕೊಡುವ ಅಂಕಿ ಸುಳ್ಳೋ ನಿಜವೋ ಹೇಗೆ ಗೊತ್ತಾಗಬೇಕು? ಯಾವ ದಾಖಲೆ ಕೇಳಬೇಕು?

ತೂಕದ ತಾಳೆ ನೋಡಿ. ಗೊಬ್ಬರ ಘಟಕಕ್ಕೆ 100 ಟನ್ ಹಸಿಕಸ ಒಳಬಂದರೆ 15ರಿಂದ 25 ಟನ್ ಗೊಬ್ಬರ, ಒಂದಿಷ್ಟು ತಿರಸ್ಕೃತ ಕಸ, ಉಳಿದದ್ದು ಆವಿ ಮತ್ತು ಅನಿಲ. ತಿರಸ್ಕೃತ ಸೊನ್ನೆ ಎಂದು ಬರೆದಿದ್ದರೆ ಅಥವಾ ಗೊಬ್ಬರ 40 ಟನ್ ಎಂದಿದ್ದರೆ ಪುಸ್ತಕ ಸರಿಯಿಲ್ಲ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಈ ಐದನ್ನು ಒಂದೇ ತಿಂಗಳಿಗೆ ಕೇಳಿ: ವಾಹನ ಸಂಖ್ಯೆ ಮತ್ತು ಸಮಯ ಇರುವ ತೂಕದ ಚೀಟಿಗಳು, ತಿರಸ್ಕೃತ ಕಸ ಹೊರಗೆ ಹೋದ ಲಾರಿಗಳ ಚೀಟಿಗಳು, ಗೊಬ್ಬರ ಮಾರಾಟದ ರಸೀದಿಗಳು, ವಿದ್ಯುತ್ ಬಿಲ್, ಗೊಬ್ಬರದ ಪ್ರಯೋಗಾಲಯ ವರದಿ. ವಿದ್ಯುತ್ ಬಿಲ್ ಮರೆಯಬೇಡಿ. ಜರಡಿ, ಸಾಗಣೆ ಪಟ್ಟಿ ಓಡದೆ 100 ಟನ್ ಸಂಸ್ಕರಣೆ ಆಗದು. ಕಸ ಬಂದಿದೆ ಎನ್ನುವ ತಿಂಗಳಲ್ಲಿ ಮೀಟರ್ ಅಲುಗದೇ ಇದ್ದರೆ ಕಸ ಘಟಕದ ಹಿಂಬಾಗಿಲಿನಿಂದ ಎಲ್ಲಿಗೋ ಹೋಗಿದೆ.